ಎರಡು ಮನೆಗಳ ನಡುವಿನ ಸ್ವರ

ಆರನೆಯ ತಂತಿಯನ್ನು ಇಳಿಸುತ್ತ ಇಳಿಸುತ್ತ
ಕೊನೆಗೂ ವ್ಯಾನು ಸಿಕ್ಕಿತು.
ನಿಂತಲ್ಲೇ ಗುರುಗುಟ್ಟುವ ಡೀಸೆಲ್ ಎಂಜಿನ್ನಿನ ಸ್ವರ
ಗಿಟಾರಿನ ಯಾವ ಮೆಟ್ಟಿಲ ಮೇಲೂ ಕೂರುವುದಿಲ್ಲ;
ಬಸ್ಸು ಓಡಿಸುವವಳು ನಾನು, ನನಗೆ ಗೊತ್ತು.
ಗದಗಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ
ಚನ್ನವೀರ ಮಾಮಾ
ಬಿಳಿ ಮನೆ, ಕರಿ ಮನೆ ಒತ್ತಿ ತೋರಿಸಿ ಅನ್ನುತ್ತಿದ್ದ:
ಇವೆರಡರ ನಡುವ ಬಿದ್ದ ಸ್ವರಕ್ಕ ಮನಿ ಇಲ್ಲವ್ವಾ,
ಹೊರಗ ನಿಂತಿರತೈತಿ.

ಮಾರ್ಚಿಯ ಒಂದು ಸೋಮವಾರ
ಶೆಫೀಲ್ಡಿನ ನಮ್ಮ ಏರು ಬೀದಿಗೆ ಆ ವ್ಯಾನು ಬಂತು
ಹದಿನೇಳನೇ ನಂಬರಿನ ಟೆವೊಲ್ಡೆಯನ್ನು ಒಯ್ಯಲು.
ಆಸ್ಪತ್ರೆಯ ಲಾಂಡ್ರಿಯವನು. ದಿನಾ ನನ್ನ ಮೊದಲ ಬಸ್ಸಿಗೆ
ಎಣಿಸಿ ಹಿಡಿದ ಚಿಲ್ಲರೆ, ಮುಷ್ಟಿಯಲ್ಲೇ ಬೆಚ್ಚಗಾದದ್ದು.
ಯಾರೋ ಒಬ್ಬರು ರಸ್ತೆಯಲ್ಲಿ ಕೂತರು.
ಆಮೇಲೆ ಪಕ್ಕದವರು. ಆಮೇಲೆ ಕಬಾಬ್ ಅಂಗಡಿಯ ಹುಡುಗರು,
ಒಬ್ಬ ಪಾದ್ರಿ, ನಾಯಿ ಹಿಡಿದವರು, ಶಾಲೆ ತಪ್ಪಿಸಿದವರು.
ಒಬ್ಬ ಹುಡುಗಿ ವ್ಯಾನಿನಡಿಗೆ ತೂರಿ
ಸೈಕಲ್ಲಿನ ಬೀಗದಲ್ಲಿ ತನ್ನ ಕತ್ತನ್ನು ಆಕ್ಸಲ್ಲಿಗೆ ಸೇರಿಸಿಕೊಂಡಳು.
ಆಗಲೂ ಎಂಜಿನ್ ಆರಿಸಲು
ಅವರಿಗೆ ಇಪ್ಪತ್ತು ನಿಮಿಷ ಬೇಕಾಯಿತು.

ಘೋಷಣೆಯನ್ನು ಬರೆಯುವುದು ಸುಲಭ.
ತಾಳ ಇದೆ, ತುದಿಗೆ ಪ್ರಾಸ ಇದೆ.
ಬರೆದೆ, ಹರಿದೆ.
ನನಗೆ ಬೇಕಾದದ್ದು
ಎಂಜಿನ್ ಆರಿ, ಗಂಟಲೆಲ್ಲ ಒಣಗಿ ಬೀದಿ ಸುಮ್ಮನಾದಾಗ
ವ್ಯಾನಿನಡಿಯಿಂದ ಬಂದ ಒಂದು ಕೆಮ್ಮು.
ಇನ್ನೂರು ಜನ ಆ ಒಂದು ಕೆಮ್ಮಿಗೆ ಕಿವಿಯಾದದ್ದು.

ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿದ್ದೇನೆ,
ಅವಳ ಹಾಗೆ.
ತಂತಿಗಳ ಸಂದಿನಲ್ಲಿ ಎರಡು ಹೇರ್‌ಪಿನ್ನು,
ಅವತ್ತು ಚರಂಡಿಯಂಚಿನಲ್ಲಿ ಸಿಕ್ಕ ಪ್ಲಾಸ್ಟಿಕ್ ಕೈಕೋಳ.
ಜಾರಿಸಲು ಬ್ರೆಡ್ಡು ಕೊಯ್ಯುವ ಚಾಕು, ಈ ಊರಿನದೇ ಉಕ್ಕು;
ಅಲಗಿನ ಮೇಲೆ ಊರ ಹೆಸರು ಅರ್ಧ ಸವೆದಿದೆ.
ತಂತಿಗೆ ತಾಕಿದರೆ
ಬಾಗಿಲ ಹಿಂದೆ ಯಾರೋ ಮಾತು ನುಂಗಿದ ಹಾಗೆ.
ಪಕ್ಕದ ಮನೆಯವ ಗೋಡೆ ಬಡಿಯುತ್ತಾನೆ.
ಅದನ್ನೂ ಇಟ್ಟುಕೊಂಡೆ: ಮೂರನೇ ನಿಮಿಷಕ್ಕೆ, ಬೂಟುಗಳು.

ಸಂಜೆ ಐದೂವರೆಗೆ ವ್ಯಾನಿನ ಬಾಗಿಲು ತೆರೆಯಿತು.
ಅವನು ಇಳಿದ. ಶೂ ಲೇಸು ಬಿಚ್ಚಿಕೊಂಡಿತ್ತು.
ಬಗ್ಗಿ ಕಟ್ಟಿಕೊಂಡ, ನಿಧಾನಕ್ಕೆ, ಎರಡು ಕಾಲಿನದೂ.
ಅಷ್ಟು ಹೊತ್ತು ಕಾದು
ಆಮೇಲೆ ಕೂಗಿದೆವು.
ಅಲ್ಲಿಗೇ ಮುಗಿಸಬಹುದಿತ್ತು:
ಒಂಬತ್ತು ನಿಮಿಷ, ಕೊನೆಗೆ ಒಂದು ತೆರೆದ ಮೀಟು.

ಹನ್ನೆರಡು ದಿನ ಬಿಟ್ಟು ಬೆಳಗಿನ ಜಾವ ನಾಲ್ಕಕ್ಕೆ ಬಂದರು.
ಎಂಜಿನ್ ಆರಿಸಿ, ಇಳಿಜಾರಿನಲ್ಲಿ ಸುಮ್ಮನೆ ಉರುಳಿ ಬಂದರಂತೆ.
ಬೀದಿಯ ಏರು ಅವರಿಗೂ ಗೊತ್ತಾಗಿತ್ತು.
ನಾನು ಮಲಗಿದ್ದೆ. ನನ್ನ ಅಲಾರಂ ನಾಲ್ಕೂವರೆಗೆ.
ಮೊದಲ ಬಸ್ಸು ಅವನ ನಿಲ್ದಾಣದಲ್ಲಿ ನಿಲ್ಲಿಸಿ
ಬಾಗಿಲು ತೆರೆದೆ. ಹಿಸ್ಸೆಂದಿತು.
ಯಾರೂ ಹತ್ತಲಿಲ್ಲ.
ಹಿಂದಿನ ಸೀಟಿನವರು ಗಂಟಲು ಸರಿಮಾಡಿಕೊಳ್ಳುವ ತನಕ
ತೆರೆದೇ ಇಟ್ಟಿದ್ದೆ.

ಇದಕ್ಕೆ ನನ್ನಲ್ಲಿ ತಂತಿ ಇಲ್ಲ.
ಆರನೆಯದನ್ನು ಪೂರ್ತಿ ಸಡಿಲಿಸಿದ್ದೇನೆ;
ಮೀಟಿದರೆ ಮರಕ್ಕೆ ಬಡಿಯುತ್ತದೆ, ಸ್ವರವಲ್ಲ,
ಯಾವ ಎರಡು ಮನೆಗಳ ನಡುವೆಯೂ ಅಲ್ಲ.

ಚರ್ಚಿನ ಹಾಲಿನಲ್ಲಿ ಹನ್ನೊಂದು ಜನ ಕೇಳಿದರು.
ಇಬ್ಬರು ಮಧ್ಯದಲ್ಲೇ ಎದ್ದರು, ಕುರ್ಚಿ ಸದ್ದಾಗದಂತೆ, ಪಾಪ.
ಅವತ್ತು ಬೀದಿಗೆಲ್ಲ ಚಹಾ ಹಂಚಿದ್ದ ಮಾರೀನ್ ಟ್ಯಾಟರ್ಸಲ್
ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹತ್ತಿರ ಬಂದಳು.
ವ್ಯಾನು ಸರಿಯಾಗಿದೆ ಕಣೆ, ಅಂದಳು.
ಆದರೆ ಅವತ್ತು ಇದಕ್ಕಿಂತ ಚಳಿ ಇತ್ತು.

ಚಾಕುವನ್ನು ಫ್ರಿಜ್ಜಿನಲ್ಲಿಟ್ಟಿದ್ದೇನೆ.
ಅಲಾರಂ ಈಗ ಮೂರೂವರೆಗೆ.